ಮುಟ್ಟಿನ ನೋವು: ತಾಳಿಕೆ, ಗುಳಿಗೆ, ಕತ್ತರಿ

ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಬಾಯಿಂದ ಹಾಡು ಬರೆದುಕೊಂಡು ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಸೇರಿ ಮಾಡಿದ ಆ ಕೆಲಸದಿಂದ ಇಂಡಿ ಸೀಮೆಯ ಹೆಣ್ಣಿನ ತವರು, ತೊಟ್ಟಿಲು, ಅಣ್ಣತಮ್ಮ, ಅತ್ತೆಮನೆ ಎಲ್ಲ ಕನ್ನಡದ ಓದುಗರಿಗೆ ಪರಿಚಯವಾದವು. ಹುಡುಗಿ ಮೈನೆರೆದರೆ ಆರತಿ, ಸೋಬಾನ, ಉಡಿ ತುಂಬುವುದು ನಮ್ಮ ಕಡೆ ಇಂದಿಗೂ ಉಂಟು. ಆದರೆ ಅದರ ಮುಂದೆ ತಿಂಗಳು ತಿಂಗಳು ಬರುವ ಹೊಟ್ಟೆಕಡಿತಕ್ಕೆ ಆರತಿ ಎತ್ತುವವರು ಯಾರು? ಮದ್ದು ಕೇಳಿದ ಹುಡುಗಿಗೆ ಸಿಗುವುದು “ಎಲ್ಲಾರಿಗೂ ಬರೂದ ಅದು, ತಡಕೋ” ಎಂಬ ಮಾತು.

ಈ ನೋವಿನ ವೈದ್ಯಕೀಯ ಚರಿತ್ರೆಯನ್ನು ಓದುತ್ತ ಬಂದರೆ ಬಹುಕಾಲ ಅದಕ್ಕೆ ಎರಡೇ ದಾರಿ ಇದ್ದದ್ದು ಕಾಣುತ್ತದೆ. ಹಲ್ಲು ಕಚ್ಚಿ ತಾಳಿಕೊಳ್ಳುವುದು ಒಂದು, ಕತ್ತರಿಸಿ ತೆಗೆಯುವುದು ಇನ್ನೊಂದು. ನಡುವಿನ ದಾರಿ ತೆರೆದದ್ದು 1957ರಿಂದ 1971ರೊಳಗೆ. ಅದು ಅಗ್ಗದ ದಾರಿ, ತಾಲೂಕು ಆಸ್ಪತ್ರೆಯ ಔಷಧದ ಕಪಾಟಿನಲ್ಲೇ ಇರುವ ದಾರಿ. ಅರ್ಧ ಶತಮಾನ ದಾಟಿದರೂ ನಮ್ಮ ಭೀಮಾ ತೀರದ ಊರುಗಳಲ್ಲಿ ಆ ದಾರಿಯಲ್ಲಿ ಹೆಜ್ಜೆ ಸವೆದಿಲ್ಲ. ಹದಿನೈದರಲ್ಲಿ ತಾಳಿಕೊಂಡು ಮೂವತ್ತೈದರಲ್ಲಿ ಗರ್ಭಚೀಲ ತೆಗೆಸಿಕೊಂಡವರು ಯಾವ ಓಣಿಯಲ್ಲಿ ಕೇಳಿದರೂ ಸಿಗುತ್ತಾರೆ.

ಈ ಸೀಮೆಯ ಮಟ್ಟಿಗೆ ಒಂದು ಸೋಜಿಗವೂ ಇದೆ. ಬಸವಣ್ಣ ಹುಟ್ಟಿದ ಬಾಗೇವಾಡಿ ಇಲ್ಲೇ ಇದೆ. ಹನ್ನೆರಡನೆಯ ಶತಮಾನದ ಶರಣರು ಅಲ್ಲಗಳೆದ ಪಂಚಸೂತಕಗಳಲ್ಲಿ ಜನನ, ಮರಣ, ಎಂಜಲು, ಜಾತಿಗಳ ಜೊತೆ ರಜಸ್ಸೂ ಒಂದು. ಮುಟ್ಟು ಮೈಲಿಗೆಯಲ್ಲ ಎಂದು ಎಂಟುನೂರು ವರ್ಷದ ಹಿಂದೆಯೇ ಸಾರಿದ ನೆಲದಲ್ಲಿ ‘ಹೊರಗಾಗುವುದು’ ಪೂರ್ತಿ ನಿಲ್ಲಲಿಲ್ಲ, ಅದು ಬೇರೆ ಮಾತು. ಮೈಲಿಗೆ ಹೋದ ಮನೆಗಳಲ್ಲೂ ನೋವಿನ ಮಾತು ಒಳಮನೆ ದಾಟಿ ಬರಲಿಲ್ಲ. ಮೂಲೆಯಲ್ಲಿ ಕೂಡುವುದು ತಪ್ಪಿದ ಸೊಸೆ ಅದೇ ಹೊಟ್ಟೆನೋವಿನಲ್ಲಿ ರೊಟ್ಟಿ ಬಡಿಯಬೇಕಾಯಿತು. ಇದರಲ್ಲಿ ಯಾವುದು ಲಾಭ, ಯಾವುದು ನಷ್ಟ ಎಂದು ಅವಳನ್ನೇ ಕೇಳಬೇಕು.

ಹಳೆಯ ವೈದ್ಯಕ್ಕೆ ಈ ನೋವು ಗೊತ್ತಿರಲಿಲ್ಲ ಎಂದಲ್ಲ. ಚರಕಸಂಹಿತೆ ಎಣಿಸುವ ಇಪ್ಪತ್ತು ಯೋನಿವ್ಯಾಪತ್ತುಗಳಲ್ಲಿ ‘ಉದಾವರ್ತಿನಿ’ ಎಂಬುದೊಂದಿದೆ. ವಾತ ಮೇಲ್ಮುಖವಾಗಿ ತಿರುಗಿ, ರಜಸ್ಸು ಕಷ್ಟಪಟ್ಟು ಇಳಿದು, ಇಳಿದ ಕೂಡಲೇ ಹೆಂಗಸಿಗೆ ನೆಮ್ಮದಿಯಾಗುತ್ತದೆ ಎಂಬುದು ಅದರ ಲಕ್ಷಣ. ಇಂದಿನ ವೈದ್ಯರು ಬರೆದುಕೊಳ್ಳುವ ಲಕ್ಷಣಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಅಶೋಕದ ತೊಗಟೆ, ಇಂಗು, ಲೋಳೆಸರ ಮದ್ದಾಗಿ ಬಂದವು. ಮನೆಯ ಮದ್ದು ಇನ್ನೂ ಸರಳ: ಅಜಿವಾನ, ಜೀರಿಗೆಯ ಕಷಾಯ, ಬಿಸಿ ಮಾಡಿ ಅರಿವೆಯಲ್ಲಿ ಸುತ್ತಿ ಕಿಬ್ಬೊಟ್ಟೆಗೆ ಇಟ್ಟುಕೊಳ್ಳುವ ಇಟ್ಟಂಗಿ. ಕಷಾಯದ ಬಗ್ಗೆ ಗಟ್ಟಿ ಮಾತು ಹೇಳುವುದು ಕಷ್ಟ. ಇಟ್ಟಂಗಿ ಮಾತ್ರ ಪರೀಕ್ಷೆಯಲ್ಲಿ ಗೆದ್ದಿದೆ. 2001ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಹೊಟ್ಟೆಗೆ ಕಟ್ಟಿದ ಬಿಸಿ ಪಟ್ಟಿ ಐಬುಪ್ರೊಫೆನ್ ಗುಳಿಗೆಗೆ ಸರಿಸಾಟಿಯಾಗಿ ನಿಂತಿತು. ಆಯಿಯ ಇಟ್ಟಂಗಿಯನ್ನು ಕಂಡು ನಗಬೇಕಾದ್ದಿಲ್ಲ, ಚರ್ಮ ಸುಡದಷ್ಟು ಎಚ್ಚರ ಇದ್ದರೆ ಸಾಕು.

ಪಶ್ಚಿಮದಲ್ಲಿ ಕತೆ ಕತ್ತರಿಯ ಕಡೆ ವಾಲಿತು. ಗರ್ಭಕೊರಳು ಇಕ್ಕಟ್ಟಾಗಿ ರಕ್ತ ಕಟ್ಟಿಕೊಳ್ಳುವುದರಿಂದ ನೋವು ಬರುತ್ತದೆ ಎಂಬ ಗ್ರೀಕರ ಕಾಲದ ನಂಬಿಕೆಯ ಬಲದ ಮೇಲೆ ಹತ್ತೊಂಬತ್ತನೆಯ ಶತಮಾನದ ವೈದ್ಯರು ಸಲಾಕೆ ತೂರಿಸಿ ಕೊರಳು ಹಿಗ್ಗಿಸಿದರು. 1872ರಲ್ಲಿ ಅಮೆರಿಕದ ಜಾರ್ಜಿಯಾದ ರಾಬರ್ಟ್ ಬ್ಯಾಟಿ ಎಂಬ ಶಸ್ತ್ರವೈದ್ಯ ಇನ್ನೂ ಮುಂದೆ ಹೋಗಿ ಅಂಡಾಶಯಗಳನ್ನೇ ತೆಗೆದ. ರೋಗ ಹಿಡಿದ ಅಂಡಾಶಯವಲ್ಲ, ನೆಟ್ಟಗಿದ್ದದ್ದನ್ನೇ. ಮುಟ್ಟಿನ ನೋವಿಗೂ ‘ನರಗಳ ಕಾಯಿಲೆ’ಗೂ ಇದೇ ಮದ್ದು ಎಂದು ಹೆಸರಾಗಿ, ‘ಬ್ಯಾಟಿಯ ಆಪರೇಷನ್’ ಎರಡು ದಶಕ ನಡೆಯಿತು. ಸಾವಿರಾರು ಹೆಂಗಸರು ಅಂಡಾಶಯ ಕಳೆದುಕೊಂಡು ಎಳೆ ವಯಸ್ಸಿನಲ್ಲೇ ಮುಟ್ಟು ನಿಂತವರಾದರು. ಆ ವೈದ್ಯರು ಕೇಡಿಗರೇನಲ್ಲ. ನೋವಿನ ಮೂಲ ಗೊತ್ತಿಲ್ಲದಾಗ ಅಂಗವೇ ಮೂಲವಾಗಿ ಕಾಣುತ್ತದೆ. ಈ ಬ್ಯಾಟಿಯನ್ನು ನೆನಪಿಡಿ, ಕಲಬುರಗಿಯ ಮಾತು ಬಂದಾಗ ಬೇಕಾಗುತ್ತಾನೆ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮೂಲವನ್ನು ಮನಸ್ಸಿನಲ್ಲಿ ಹುಡುಕಿದರು. ಹೆಣ್ಣುತನವನ್ನು ಒಪ್ಪದ ಹುಡುಗಿಗೆ ಮುಟ್ಟು ನೋಯುತ್ತದೆ ಎಂದು ಪಠ್ಯಪುಸ್ತಕಗಳೇ ಬರೆದವು. ನಮ್ಮಲ್ಲಿ “ಮದುವಿ ಆದ್ರ ಎಲ್ಲಾ ಸರಿ ಹೊಕ್ಕದ” ಎನ್ನುವುದಕ್ಕೂ ಅದಕ್ಕೂ ನೆಂಟಸ್ತಿಕೆ ಇದೆ. ಈ ಮಾತಿನಲ್ಲಿ ಅರೆಪಾಲು ನಿಜವಿದೆ. ಹೆರಿಗೆಯ ನಂತರ ಕೆಲವರಿಗೆ ನೋವು ತಗ್ಗುತ್ತದೆ. ಉಳಿದ ಪಾಲಿನಿಂದ ಆಗಿರುವ ಹಾನಿಗೆ ಲೆಕ್ಕವಿಲ್ಲ, ಏಕೆಂದರೆ ಒಳಗೆ ಬೇರೆ ರೋಗ ಇದ್ದವಳಿಗೆ ಮದುವೆ ಆದ ಮೇಲೆ ನೋವು ಇಮ್ಮಡಿಯಾಗುತ್ತದೆ.

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ವಿ. ಆರ್. ಪಿಕಲ್ಸ್ ಎಂಬ ಶರೀರಶಾಸ್ತ್ರಜ್ಞ 1957ರಲ್ಲಿ ಮುಟ್ಟಿನ ರಕ್ತವನ್ನೇ ಪ್ರಯೋಗಾಲಯಕ್ಕೆ ತಂದ. ಎಲ್ಲರೂ ಹೊರಚೆಲ್ಲುವ ವಸ್ತುವನ್ನು ಪರೀಕ್ಷೆಗೆ ಇಡಬಹುದು ಎಂದು ಹೊಳೆದದ್ದೇ ದೊಡ್ಡದು. ಸ್ನಾಯುವನ್ನು ಸಂಕುಚಿಸುವ ಒಂದು ಅಂಶ ಅದರಲ್ಲಿ ಸಿಕ್ಕಿತು. ಅದು ಪ್ರೊಸ್ಟಗ್ಲಾಂಡಿನ್ ಜಾತಿಗೆ ಸೇರಿದ್ದು ಎಂದು ಆಮೇಲೆ ತಿಳಿಯಿತು. ಈ ವಸ್ತುವನ್ನು ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ 1930ರ ದಶಕದಲ್ಲಿ ಗಂಡಸಿನ ವೀರ್ಯದಲ್ಲಿ ಗುರುತಿಸಿದ್ದ. 1965ರ ಹೊತ್ತಿಗೆ ಪಿಕಲ್ಸ್ ಮತ್ತು ಸಂಗಡಿಗರು, ತೀವ್ರ ನೋವಿನವರ ಸ್ರಾವದಲ್ಲಿ ಅದು ಉಳಿದವರಿಗಿಂತ ಹೆಚ್ಚು ಎಂದು ತೋರಿಸಿದರು. 1971ರಲ್ಲಿ ಲಂಡನ್ನಿನ ಜಾನ್ ವೇನ್, ಆಸ್ಪಿರಿನ್ ಜಾತಿಯ ಔಷಧಗಳು ಇದೇ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನು ತಡೆಯುತ್ತವೆ ಎಂದು ಕಂಡುಹಿಡಿದ. 1982ರ ನೊಬೆಲ್‌ನಲ್ಲಿ ಅವನಿಗೆ ಪಾಲು ಬಂತು. ವೇನ್ ಇದನ್ನು ಕಂಡುಹಿಡಿಯುವ ಹೊತ್ತಿಗಾಗಲೇ ಮೆಫೆನಾಮಿಕ್ ಆಮ್ಲ, ಐಬುಪ್ರೊಫೆನ್ ಎರಡೂ ಸಂಧಿನೋವಿನ ಮದ್ದಾಗಿ ಪೇಟೆಯಲ್ಲಿದ್ದವು. ಬೀಗದ ಕೈ ಮೊದಲೇ ಕಿಸೆಯಲ್ಲಿತ್ತು, ಬೀಗ ಯಾವುದೆಂದು ತಿಳಿದದ್ದು ಆಮೇಲೆ.

ಒಳಗೆ ನಡೆಯುವುದು ಇಷ್ಟು. ಮುಟ್ಟು ಹತ್ತಿರ ಬಂದಂತೆ ಪ್ರೊಜೆಸ್ಟೆರಾನ್ ಇಳಿಯುತ್ತದೆ, ಗರ್ಭಕೋಶದ ಒಳಪೊರೆ ಕಳಚತೊಡಗಿ ಪ್ರೊಸ್ಟಗ್ಲಾಂಡಿನ್ ಸುರಿಸುತ್ತದೆ. ಅದರ ಹೊಡೆತಕ್ಕೆ ಗರ್ಭಕೋಶದ ಸ್ನಾಯು ಬಿಗಿಯುತ್ತದೆ. ತೀವ್ರ ನೋವಿನವರಲ್ಲಿ ಈ ಒತ್ತಡ ಹೆರಿಗೆ ನೋವಿನದಕ್ಕೆ ಸಾಟಿಯಾಗುವಷ್ಟು ಏರುತ್ತದೆ. ಬಿಗಿತದಲ್ಲಿ ರಕ್ತನಾಳ ಅದುಮಿ, ಸ್ನಾಯುವಿಗೆ ಪ್ರಾಣವಾಯು ಸಾಲದೆ, ಕಡಿತ ಹುಟ್ಟುತ್ತದೆ. ಒಂದಿಷ್ಟು ಪ್ರೊಸ್ಟಗ್ಲಾಂಡಿನ್ ಮೈಗೆಲ್ಲ ಹರಿಯುವುದರಿಂದ ವಾಂತಿ, ಭೇದಿ, ತಲೆನೋವು, ಕಣ್ಣು ಕತ್ತಲೆ. ಶಾಲೆಯಲ್ಲಿ ವಾಂತಿ ಮಾಡಿಕೊಂಡ ಹುಡುಗಿಗೆ ‘ಪಿತ್ತ ಆಗ್ಯಾದ’ ಎಂದು ಲಿಂಬಿ ಸೋಡಾ ಕುಡಿಸಿ ಕಳಿಸುವವರಿಗೆ ಇದು ತಿಳಿದಿರಬೇಕು.

ಗುಳಿಗೆ ನುಂಗುವ ಹೊತ್ತಿನ ಲೆಕ್ಕವೂ ಇದರಿಂದಲೇ ಸಿಗುತ್ತದೆ. ನಮ್ಮವರ ರೂಢಿ ಹೀಗೆ: ಬೆಳಿಗ್ಗೆ ನೋವು ಸುರುವಾದರೆ ಮಧ್ಯಾಹ್ನದವರೆಗೆ ತಡೆಯುವುದು, ಇನ್ನು ಆಗದೆಂದಾಗ ಕಿರಾಣಿ ಅಂಗಡಿಗೆ ಹುಡುಗನನ್ನು ಓಡಿಸಿ ಒಂದು ಗುಳಿಗೆ ತರಿಸುವುದು, ಅದು ಹತ್ತದೇ ಇದ್ದಾಗ “ನನಗ ಗುಳಿಗಿ ನಾಟೂದಿಲ್ಲ” ಎನ್ನುವುದು. ಗುಳಿಗೆ ಪ್ರೊಸ್ಟಗ್ಲಾಂಡಿನ್ ತಯಾರಿಯನ್ನು ತಡೆಯುತ್ತದೆಯೇ ಹೊರತು ಆಗಲೇ ತಯಾರಾದದ್ದನ್ನು ಅಳಿಸುವುದಿಲ್ಲ. ಸ್ರಾವ ಕಂಡೊಡನೆ, ಇಲ್ಲವೇ ನೋವಿನ ಮೊದಲ ಸುಳಿವಿಗೇ, ಏನಾದರೂ ಉಂಡು ಗುಳಿಗೆ ತಗೊಂಡು, ವೈದ್ಯರು ಹೇಳಿದ ಅಂತರದಲ್ಲಿ ಎರಡು ಮೂರು ದಿನ ಮುಂದುವರಿಸಿದರೆ ಬಹುಪಾಲು ಹುಡುಗಿಯರಿಗೆ ಅದೇ ಸಾಕಾಗುತ್ತದೆ. ವಯಸ್ಕರಿಗೆ ಮೆಫೆನಾಮಿಕ್ ಆಮ್ಲ ಸಾಮಾನ್ಯವಾಗಿ 500 ಮಿಲಿಗ್ರಾಂ, ದಿನಕ್ಕೆ ಹೆಚ್ಚೆಂದರೆ ಮೂರು ಸಲ. ಉಪವಾಸದ ಬರಿಹೊಟ್ಟೆಗೆ ಇದು ಸಲ್ಲದು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಆಸ್ಪಿರಿನ್‌ಗೆ ಕೆರಳುವ ಉಬ್ಬಸ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಮೆಫೆನಾಮಿಕ್ ಆಮ್ಲದ ಗುಳಿಗೆಯಾದ ಮೆಫ್ಟಾಲ್ ಹೆಸರು ಕೇಳದ ಹಾಸ್ಟೆಲ್ ಹುಡುಗಿ ಇಲ್ಲ. 2023ರ ಡಿಸೆಂಬರಿನಲ್ಲಿ ಭಾರತೀಯ ಫಾರ್ಮಕೋಪಿಯಾ ಆಯೋಗದ ಒಂದು ಎಚ್ಚರಿಕೆ ಸುದ್ದಿಯಾಗಿ, ಮೆಫೆನಾಮಿಕ್ ಆಮ್ಲದಿಂದ ಡ್ರೆಸ್ ಎಂಬ ತೀವ್ರ ಅಲರ್ಜಿ ಬರಬಹುದು ಎಂದಾಗ ಮನೆಮನೆಗಳಲ್ಲಿ ಗಾಬರಿಯಾಯಿತು. ಅದು ಅಪರೂಪದ ತೊಂದರೆ. ಗುಳಿಗೆ ಸುರುಮಾಡಿದ ಕೆಲ ವಾರಗಳಲ್ಲಿ ಜ್ವರ, ಮೈತುಂಬ ದದ್ದು, ಗಂಟಲ ಬಳಿ ಗಂಟು ಕಂಡರೆ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕು ಎಂಬುದು ಅದರ ತಿರುಳು. ವಾಟ್ಸಾಪಿನಲ್ಲಿ ಹರಿದಾಡಿದ್ದು ಮಾತ್ರ ‘ಈ ಗುಳಿಗೆ ವಿಷ’ ಎಂದು. ಹಾಗೆ ಹೆದರಿ ಬಿಟ್ಟವರು ಮತ್ತೆ ‘ತಡಕೋ’ ಎಂಬಲ್ಲಿಗೇ ಬಂದರು.

ಎರಡನೆಯ ಮದ್ದಿನ ಕತೆ ಇನ್ನೂ ವಿಚಿತ್ರ. ಅಂಡ ಬಿಡುಗಡೆಯಾಗದ ತಿಂಗಳಲ್ಲಿ ಮುಟ್ಟು ನೋಯುವುದಿಲ್ಲ ಎಂಬುದು 1940ರ ಹೊತ್ತಿಗೇ ತಿಳಿದಿತ್ತು. ಅದರಿಂದಲೇ 1960ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಗರ್ಭನಿರೋಧಕ ಗುಳಿಗೆ ಈ ನೋವಿಗೂ ಮದ್ದಾಯಿತು. ನಮ್ಮ ಉಪಕೇಂದ್ರಗಳಲ್ಲಿ ಪುಕ್ಕಟೆ ಸಿಗುವ ಮಾಲಾ-ಎನ್‌ನಲ್ಲಿರುವುದು ಇದೇ ಜಾತಿಯ ಹಾರ್ಮೋನು. ಆದರೆ ಮದುವೆಯಾಗದ ಮಗಳಿಗೆ ‘ಮಕ್ಕಳಾಗದ ಗುಳಿಗಿ’ ಕೊಡಿ ಎಂದು ಆಶಾ ಕಾರ್ಯಕರ್ತೆಯನ್ನು ಕೇಳುವ ಅವ್ವ ಎಲ್ಲಿ? ಕೇಳಿದರೂ ಕೊಡುವ ಧೈರ್ಯ ಆಶಾಳಿಗೆ ಎಲ್ಲಿ? ರಕ್ತದೊತ್ತಡ, ಕಣ್ಣಿಗೆ ಮಿಂಚು ಹೊಡೆಯುವ ಅರೆತಲೆಶೂಲೆ, ರಕ್ತ ಹೆಪ್ಪುಗಟ್ಟುವ ಇತಿಹಾಸ ಇದ್ದವರಿಗೆ ಇದು ಆಗಿಬರುವುದಿಲ್ಲ, ಹಾಗಾಗಿ ವೈದ್ಯರ ಚೀಟಿ ಬೇಕೇ ಬೇಕು. ಗುಳಿಗೆ ಬಿಟ್ಟ ಮೇಲೆ ಬಸಿರಾಗುವುದಕ್ಕೆ ಅಡ್ಡಿಯಿಲ್ಲ ಎಂಬುದನ್ನು ಅವ್ವನಿಗೂ ಮಗಳಿಗೂ ಒಟ್ಟಿಗೆ ಕೂಡಿಸಿ ಹೇಳುವ ವೈದ್ಯರು ಅರ್ಧ ಚಿಕಿತ್ಸೆ ಅಲ್ಲೇ ಮುಗಿಸುತ್ತಾರೆ.

ಇಲ್ಲಿಯವರೆಗೆ ಹೇಳಿದ್ದು ಒಳಗೆ ಬೇರೆ ರೋಗ ಇಲ್ಲದ ನೋವು. ಮೈನೆರೆದ ಒಂದೆರಡು ವರ್ಷದೊಳಗೆ ಸುರುವಾಗಿ, ಸ್ರಾವದ ಮೊದಲ ಎರಡು ಮೂರು ದಿನ ಇದ್ದು ಹೋಗುವಂಥದ್ದು. ಇನ್ನೊಂದು ಜಾತಿಯದು ನೋವಿನ ಗುಳಿಗೆಗೆ ಸುಲಭವಾಗಿ ಬಗ್ಗುವುದಿಲ್ಲ. ಗರ್ಭಕೋಶದ ಒಳಪೊರೆಯಂಥ ಅಂಗಾಂಶ ಅಂಡಾಶಯ, ಕರುಳು, ಕಿಬ್ಬೊಟ್ಟೆಯ ಗೋಡೆಗೆ ಅಂಟಿ ಬೆಳೆಯುವ ಎಂಡೊಮೆಟ್ರಿಯೋಸಿಸ್ ಅದರಲ್ಲಿ ಮುಖ್ಯ. ವಿಯೆನ್ನಾದ ರೋಕಿಟಾನ್ಸ್ಕಿ 1860ರಲ್ಲೇ ಇಂಥದ್ದನ್ನು ಬಣ್ಣಿಸಿದ್ದ. ಮುಟ್ಟಿನ ರಕ್ತ ನಾಳಗಳ ಮೂಲಕ ಹಿಮ್ಮುಖ ಹರಿದು ಹೀಗಾಗುತ್ತದೆ ಎಂಬ ವಾದವನ್ನು ನ್ಯೂಯಾರ್ಕ್ ರಾಜ್ಯದ ಜಾನ್ ಸ್ಯಾಂಪ್ಸನ್ 1920ರ ದಶಕದಲ್ಲಿ ಮಂಡಿಸಿದ. ವಾದ ಇನ್ನೂ ಪೂರ್ತಿ ಮುಗಿದಿಲ್ಲ. ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿಗೆ, ಜಗತ್ತಿನಲ್ಲಿ 19 ಕೋಟಿ ಜನಕ್ಕೆ ಇದು ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಹುಕಾಲ ಹೊಟ್ಟೆಯೊಳಗೆ ದುರ್ಬೀನು ಬಿಟ್ಟು ಕಣ್ಣಾರೆ ಕಂಡರೇ ರೋಗ ಇದೆ ಎನ್ನುತ್ತಿದ್ದರು. 2022ರ ಯೂರೋಪಿನ ಮಾರ್ಗಸೂಚಿ ಆ ಪಟ್ಟು ಸಡಿಲಿಸಿತು. ಮಾತು ಕೇಳಿ, ಸ್ಕ್ಯಾನ್ ನೋಡಿ, ಅನುಮಾನ ಬಲವಾದರೆ ಹಾರ್ಮೋನು ಚಿಕಿತ್ಸೆ ಸುರುಮಾಡಬಹುದು. ದುರ್ಬೀನು ಇಲ್ಲದ ಇಂಡಿ, ಸಿಂದಗಿಯಂಥ ಊರಿಗೆ ಈ ಸಡಿಲಿಕೆ ದೊಡ್ಡ ಉಪಕಾರ. ನಮ್ಮ ದೇಶದಲ್ಲಿ ಇದರ ಜೊತೆಗೆ ಗರ್ಭಕೋಶದ ಕ್ಷಯ, ಹೆರಿಗೆ ಇಲ್ಲವೇ ಗರ್ಭಪಾತದ ನಂತರದ ಸೋಂಕು, ಗರ್ಭಕೋಶದ ಗಂಟುಗಳನ್ನೂ ನೆನಪಿಡಬೇಕು.

ಹಾಗಾದರೆ ವೈದ್ಯರ ಹತ್ತಿರ ಯಾವಾಗ ಹೋಗಬೇಕು? ಶಾಲೆ ತಪ್ಪಿಸುವಷ್ಟು, ಹೊಲದ ಕೆಲಸ ಬಿಡಿಸುವಷ್ಟು ನೋವಿದ್ದರೆ ಅಷ್ಟೇ ಸಾಕು, ಬೇರೆ ಕಾರಣ ಬೇಕಿಲ್ಲ. ಸರಿಯಾಗಿ ಗುಳಿಗೆ ತಗೊಂಡೂ ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ, ವರ್ಷ ವರ್ಷ ನೋವು ಏರುತ್ತಿದ್ದರೆ, ಮುಟ್ಟಿಲ್ಲದ ದಿನವೂ ಕಾಡಿದರೆ, ಸಂಡಾಸಕ್ಕೆ ಕೂತಾಗ ಅಥವಾ ಗಂಡನ ಜೊತೆ ಕೂಡಿದಾಗ ನೋಯುತ್ತಿದ್ದರೆ ಸ್ತ್ರೀರೋಗ ತಜ್ಞರನ್ನೇ ಕಾಣಬೇಕು. ಜ್ವರದ ಜೊತೆಗಿನ ನೋವು, ಮುಟ್ಟು ತಪ್ಪಿದ ಮೇಲೆ ಒಮ್ಮೆಲೆ ಬಂದ ನೋವು ಅದೇ ದಿನ ಆಸ್ಪತ್ರೆ ಸೇರಬೇಕಾದವು. ಇನ್ನೊಂದನ್ನು ಅವ್ವಂದಿರು ಮರೆಯುತ್ತಾರೆ: ಹದಿನಾಲ್ಕು ಹದಿನೈದಾದರೂ ಮೈನೆರೆಯದ ಹುಡುಗಿಗೆ ತಿಂಗಳಿಗೊಮ್ಮೆ ಹೊಟ್ಟೆ ನೋಯುತ್ತಿದ್ದರೆ, ಮುಟ್ಟು ಬರುತ್ತಿದೆ, ಹೊರದಾರಿ ಮುಚ್ಚಿದೆ ಎಂದು ಅರ್ಥವಿರಬಹುದು. ಅದು ಹಲವು ಸಲ ಸಣ್ಣ ಶಸ್ತ್ರಕ್ರಿಯೆಯಿಂದ ಸರಿಹೋಗುತ್ತದೆ, ತಡವಾದರೆ ಒಳಗೆ ರಕ್ತ ಕಟ್ಟಿ ಹಾನಿಯಾಗುತ್ತದೆ.

ಮದುವೆಯಾಗದವಳಿಗೆ ಒಳಪರೀಕ್ಷೆ ಮಾಡುವರೆಂಬ ಅಂಜಿಕೆಯಿಂದ ಎಷ್ಟೋ ಮಂದಿ ಮಗಳನ್ನು ಕರೆದೊಯ್ಯುವುದೇ ಇಲ್ಲ. ಅದು ಬೇಕಾಗುವುದು ಅಪರೂಪ. ಮಾತು, ಹೊಟ್ಟೆ ಮುಟ್ಟಿ ನೋಡುವುದು, ಮೂತ್ರ ತುಂಬಿಸಿಕೊಂಡು ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನ್, ಇಷ್ಟರಲ್ಲಿ ಬಹಳಷ್ಟು ತಿಳಿಯುತ್ತದೆ. ವೈದ್ಯರ ಕೈಗೆ ಕೊಡಬಹುದಾದ ಒಳ್ಳೆಯ ದಾಖಲೆ ಉತ್ತರ ಕರ್ನಾಟಕದ ಮನೆಮನೆಯ ಗೋಡೆಯಲ್ಲೇ ತೂಗುತ್ತಿದೆ. ಹಾಲಿನ ಲೆಕ್ಕ, ಗ್ಯಾಸ್ ತಂದ ತಾರೀಖು ಬರೆಯುವ ಶಾಬಾದಿಮಠ ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನ, ನೋವಿನ ದಿನ, ನುಂಗಿದ ಗುಳಿಗೆ ಗುರುತು ಮಾಡಿದ ಮೂರು ತಿಂಗಳ ಹಾಳೆ, ದುಬಾರಿ ಪರೀಕ್ಷೆಗಳಿಗಿಂತ ಹೆಚ್ಚು ಹೇಳೀತು.

ನಡುವಿನ ದಾರಿ ಹೀಗೆ ತೆರೆದಿರುವಾಗ ನಮ್ಮ ಪಕ್ಕದ ಕಲಬುರಗಿಯಲ್ಲಿ ಏನಾಯಿತು ನೋಡಿ. 2015ರಲ್ಲಿ ಅಲ್ಲಿಯ ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಹೆಂಗಸರು ಬೀದಿಗೆ ಬಂದರು. ಹೊಟ್ಟೆನೋವು, ನಡನೋವು, ಬಿಳಿ ಮುಟ್ಟು ಎಂದು ಖಾಸಗಿ ಆಸ್ಪತ್ರೆಗೆ ಹೋದವರಿಗೆ ಸ್ಕ್ಯಾನ್ ಮಾಡಿ, ಗರ್ಭಚೀಲ ಕೆಟ್ಟಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿ ತೆಗೆದುಹಾಕಿದ್ದರು. ಸುಮಾರು ಎರಡೂವರೆ ವರ್ಷದಲ್ಲಿ 2,258 ಶಸ್ತ್ರಕ್ರಿಯೆ ಎಂಬ ತನಿಖೆಯ ಅಂಕಿ ಪತ್ರಿಕೆಗಳಲ್ಲಿ ಬಂತು. ಕರ್ನಾಟಕ ಜನಾರೋಗ್ಯ ಚಳವಳಿಯವರು ಅವರ ಜೊತೆ ನಿಂತರು. ಭಯ ಹುಟ್ಟಿಸುವುದೇ ಒಳ್ಳೆಯ ವ್ಯಾಪಾರ ಎಂಬರ್ಥದ ತಲೆಬರಹದ ಲೇಖನವೊಂದು ವೈದ್ಯಕೀಯ ನೀತಿಶಾಸ್ತ್ರದ ಭಾರತೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಲ್ಲಿ ಬ್ಯಾಟಿಯನ್ನು ನೆನೆಯಬೇಕು. 1872ರಲ್ಲಿ ಅವನಿಗೆ ಪ್ರೊಸ್ಟಗ್ಲಾಂಡಿನ್ ಗೊತ್ತಿರಲಿಲ್ಲ. 2015ರ ವೈದ್ಯರಿಗೆ ಆ ನೆಪ ಇಲ್ಲ.

ವೈದ್ಯರದಷ್ಟೇ ತಪ್ಪು ಎಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಹದಿನೆಂಟಕ್ಕೆ ಮುಂಚೆಯೇ ಮದುವೆ, ಇಪ್ಪತ್ತೈದರೊಳಗೆ ಮಕ್ಕಳಾಗಿ ಸಂತಾನಹರಣದ ಆಪರೇಷನ್. ಆಮೇಲೆ ಗರ್ಭಚೀಲ ಮನೆಯವರ ಕಣ್ಣಿಗೆ ಕೆಲಸ ಮುಗಿದ ವಸ್ತು. ಕಬ್ಬಿನ ಗ್ಯಾಂಗಿನಲ್ಲಂತೂ ಅದು ಕೂಲಿಗೇ ಅಡ್ಡಿ. ವಿಜಯಪುರ ಜಿಲ್ಲೆಯ ತಾಂಡಾಗಳಿಂದ ವರ್ಷವರ್ಷ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಗ್ಯಾಂಗುಗಳು ಹೋಗುತ್ತವೆ. ಗಂಡಹೆಂಡತಿ ಸೇರಿ ಒಂದು ‘ಕೊಯ್ತಾ’ (ಕುಡುಗೋಲು), ಕೂಲಿ ಗುತ್ತಿಗೆಯ ಮುಕಾದಮನ ಮುಂಗಡ ಇಬ್ಬರ ಹೆಗಲ ಮೇಲೆ, ಒಂದು ದಿನ ತಪ್ಪಿದರೆ ದಂಡ. ಬಯಲಿನ ಗುಡಿಸಲು, ನೀರಿಲ್ಲ, ಮರೆಯಿಲ್ಲ. ಇಂಥದೇ ಬದುಕಿನ ಮರಾಠವಾಡದ ಬೀಡ್ ಜಿಲ್ಲೆಯಲ್ಲಿ 2019ರಲ್ಲಿ ನಡೆದ ಸರ್ಕಾರಿ ಸಮೀಕ್ಷೆಯಲ್ಲಿ 82,309 ಕಬ್ಬಿನ ಹೆಂಗಸರ ಪೈಕಿ 13,861 ಮಂದಿ ಗರ್ಭಚೀಲ ಕಳೆದುಕೊಂಡಿದ್ದರು. ಆರು ಜನಕ್ಕೆ ಒಬ್ಬಳು. ಅಂಡಾಶಯ ಉಳಿಸಿದರೂ ಮುಟ್ಟುನಿಲುವಿನ ತೊಂದರೆ ಬೇಗ ಬರಬಹುದು, ತೆಗೆದರೆ ಎಲುಬು, ಹೃದಯ ಎರಡಕ್ಕೂ ಪೆಟ್ಟು. ನಡನೋವಿಗೆಂದು ತೆಗೆಸಿಕೊಂಡವಳಿಗೆ ನಡನೋವೇ ಉಳಿಯುತ್ತದೆ.

ಕಾನೂನು ನಿಧಾನವಾಗಿ ಎದ್ದಿತು. ರಾಜಸ್ಥಾನದ ವೈದ್ಯ ನರೇಂದ್ರ ಗುಪ್ತಾ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ತೀರ್ಪು ಕೊಟ್ಟು, ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತರುವಂತೆ ರಾಜ್ಯಗಳಿಗೆ ಹೇಳಿತು. ಸಣ್ಣ ವಯಸ್ಸಿನವಳ ಗರ್ಭಚೀಲ ತೆಗೆಯುವ ಮೊದಲು ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ಈಗ ಆಸ್ಪತ್ರೆಗೆ ಮುಜುಗರ ತರುವ ಮಾತಲ್ಲ, ಹೆಂಗಸಿನ ಹಕ್ಕು.

ಶಾಲೆಯ ಕಡೆ 2013-14ರಲ್ಲಿ ರಾಜ್ಯದ ‘ಶುಚಿ’ ಯೋಜನೆ ಪ್ಯಾಡು ಕೊಟ್ಟಿತು, ನಡುವೆ ನಿಂತು ಮತ್ತೆ ಸುರುವಾಯಿತು. 2014ರಲ್ಲಿ ಬಂದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಅಡಿ ಹದಿಹರೆಯದವರಿಗಾಗಿ ‘ಸ್ನೇಹ ಕ್ಲಿನಿಕ್’ಗಳು ಆದವು. ಎರಡೂ ಒಳ್ಳೆಯವೇ. ಆದರೆ ಪ್ಯಾಡಿನ ಮಾತು ಎಷ್ಟು ಜೋರಾಯಿತೋ ನೋವಿನ ಮಾತು ಅಷ್ಟೇ ಮೆತ್ತಗಾಯಿತು. ರಕ್ತಕ್ಕೆ ವ್ಯವಸ್ಥೆಯಾದರೆ ಮುಟ್ಟಿನ ಕೆಲಸ ಮುಗಿಯಿತು ಎಂದು ಇಲಾಖೆ ತಿಳಿದಂತಿದೆ.

2025ರ ಅಕ್ಟೋಬರ್ 9ರಂದು ರಾಜ್ಯ ಸಚಿವ ಸಂಪುಟ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಬಿಹಾರ 1992ರಿಂದಲೇ ತನ್ನ ಸರ್ಕಾರಿ ನೌಕರರಿಗೆ ತಿಂಗಳಿಗೆ ಎರಡು ದಿನ ಕೊಡುತ್ತಿದೆ. ರಜೆ ಬೇಡ ಎನ್ನುವವರ ವಾದ ನನಗೆ ಒಪ್ಪಿಗೆಯಿಲ್ಲ, ಆದರೆ ರಜೆಯೇ ಮದ್ದು ಎಂಬ ಹುರುಪೂ ಒಪ್ಪಿಗೆಯಿಲ್ಲ. ತಿಂಗಳಿಗೊಂದು ದಿನ ಮಲಗಲೇಬೇಕಾದ ನೋವಿದ್ದರೆ ಅದಕ್ಕೆ ತಪಾಸಣೆ ಆಗಬೇಕು. ಮತ್ತೆ ಈ ರಜೆ ಹಾಜರಿ ಪುಸ್ತಕ ಇದ್ದವರದ್ದು. ಕೊಯ್ತಾ ಹಿಡಿದವಳ ಹಾಜರಿ ಮುಕಾದಮನ ಕಿಸೆಯಲ್ಲಿದೆ.

ಬೀಡ್‌ನ ಗದ್ದಲದ ನಂತರ ಆ ಜಿಲ್ಲೆಯ ಖಾಸಗಿ ಆಸ್ಪತ್ರೆಗಳು ಗರ್ಭಚೀಲ ತೆಗೆಯುವ ಮೊದಲು ಜಿಲ್ಲಾ ಶಸ್ತ್ರಚಿಕಿತ್ಸಕರ ಅನುಮತಿ ಪಡೆಯಬೇಕೆಂಬ ನಿಯಮ ಬಂತು. ಚಡಚಣ, ಇಂಡಿ, ಹಲಸಂಗಿ ಕಡೆಯವರಿಗೆ ಬೀಡ್ ದೂರ, ಸೊಲ್ಲಾಪುರ ಹತ್ತಿರ. ಇಂಡಿ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಗಡಿ ದಾಟಿ ಅಲ್ಲಿಯ ದವಾಖಾನೆ ಸೇರುವುದು ಎಷ್ಟೋ ಮನೆಗಳ ರೂಢಿ. ಅಲ್ಲಿ ಆದ ಆಪರೇಷನ್ನು ವಿಜಯಪುರದ ಆರೋಗ್ಯ ಇಲಾಖೆಯ ಕಣ್ಣಿಗೆ ಬೀಳುವುದಿಲ್ಲ. ಎರಡೂ ರಾಜ್ಯಗಳ ಲೆಕ್ಕ ಒಂದೆಡೆ ಕೂಡಬೇಕಾದರೆ ಮೊದಲು ಉಪಕೇಂದ್ರದ ಮನೆಭೇಟಿ ಪುಸ್ತಕದಲ್ಲಿ ಒಂದು ಕಾಲಂ ಬೇಕು: ಗರ್ಭಚೀಲ ತೆಗೆಸಿದ್ದಾರೆಯೇ, ಯಾವ ವಯಸ್ಸಿನಲ್ಲಿ, ಯಾವ ಊರಿನಲ್ಲಿ, ಏನು ಕಾರಣ ಹೇಳಿದರು.